ಹುಳು ಏಳುವ ಮುನ್ನ ಗುಡುಗಿದ ವರ್ಷ

ತಿಯನ್‌ಮೇ ಎಂದರೆ ಸಿಹಿ ತಂಗಿ. ಹೆಸರಿಟ್ಟವರು ಕೂಸು ಮೊದಲ ಸಲ ಬಾಯಿ ತೆರೆಯುವ ಮುಂಚೆಯೇ ಇಟ್ಟು ಊರು ಬಿಟ್ಟಿರಬೇಕು. ಆಕೆ ಸಿಟ್ಟಿಗೆದ್ದು ದನಿ ತೆಗೆದರೆ ಫಾನ್ ವಂಶದ ದೊಡ್ಡ ಮನೆಯ ಮುಂದಿರುವ ಅರ್ಧಚಂದ್ರದ ಕೊಳದಲ್ಲಿ ಮೀನುಗಳೆಲ್ಲ ಆಚೆ ದಡಕ್ಕೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದವು. ಗುಡ್ಡದಾಚೆಯ ಹಳ್ಳಿಯಲ್ಲಿ ಕಾವಿಗೆ ಕೂತ ಕೋಳಿಗಳು ಎದ್ದು ನಡೆದುಬಿಡುತ್ತಿದ್ದವು. ಒಂದು ವರ್ಷ ಆಕೆ ಬೈದ ಬೈಗುಳಕ್ಕೆ ಬಾಗಿಲ ಬಳಿಯ ಚಕ್ಕೋತದ ಮರ ಕಾಯಿಗಳನ್ನೆಲ್ಲ ಒಂದೇ ಮಧ್ಯಾಹ್ನ ಉದುರಿಸಿ ಕೈತೊಳೆದುಕೊಂಡಿತು. ನಂಬದವರು ಮರವನ್ನೇ ಕೇಳಬಹುದು, ಇನ್ನೂ ಅಲ್ಲೇ ನಿಂತಿದೆ.

ಇಷ್ಟೆಲ್ಲ ಸಿಟ್ಟಿಗೆ ಹಕ್ಕುದಾರ ಒಬ್ಬನೇ: ಗಂಡನ ಅಣ್ಣ ಶೌರೆನ್.

ಶೌರೆನ್ ಬಾಯಲ್ಲಿ ಹಲ್ಲು ಕಡಿಮೆ, ಗಾದೆ ಜಾಸ್ತಿ. ಮಳೆಗೊಂದು, ಗಾಳಿಗೊಂದು, ಇರುವೆ ಸಾಲು ಎಡಕ್ಕೆ ತಿರುಗಿದರೆ ಒಂದು, ಬಲಕ್ಕೆ ತಿರುಗಿದರೆ ಇನ್ನೊಂದು. ಮಳೆ ಬರುತ್ತದೆಂದು ಒಂದು ಗಾದೆ ಹೇಳಿ, ಬಾರದಿದ್ದರೆ ಬರುವುದಿಲ್ಲವೆಂಬ ಗಾದೆಯನ್ನು ಅಂಗಿಯ ತೋಳಿನೊಳಗಿಂದ ತೆಗೆಯುತ್ತಿದ್ದ. ಆ ದೊಡ್ಡ ಮನೆಯಲ್ಲಿ ಒಂದೇ ಸೂರಿನಡಿ ಒಲೆಗಳೇ ನಲವತ್ತು. ಆ ನಲವತ್ತು ಒಲೆಗಳವರೂ ಅವನ ಬಾಯಿ ನೋಡದೆ ನೇಗಿಲು ಎತ್ತುತ್ತಿರಲಿಲ್ಲ. ತಿಯನ್‌ಮೇಯೂ ಒಂದು ಕಾಲದಲ್ಲಿ ನೋಡುತ್ತಿದ್ದಳು. ಅದೇ ಅವಳ ಹೊಟ್ಟೆಯ ಕೆಂಡ.

ಹಿಂದಿನ ವಸಂತದಲ್ಲಿ ನಡೆದದ್ದು ಅದು. ಸಾಮೂಹಿಕ ಬೇಸಾಯ ಮುಗಿದು ಗದ್ದೆಗಳು ಆಗತಾನೇ ಮತ್ತೆ ಮನೆಮನೆಗೆ ಹಂಚಿಹೋಗಿದ್ದವು. ಎಲ್ಲರೂ ಒಂದೇ ಬೀಜ ಬಿತ್ತಬೇಕಾಗಿದ್ದ ಅಷ್ಟೂ ವರ್ಷ ತಿಯನ್‌ಮೇ ತವರಿಂದ ತಂದ ಅಂಟಕ್ಕಿಯ ಬೀಜವನ್ನು ಬಚ್ಚಿಟ್ಟು ಬಚ್ಚಿಟ್ಟು ಬದುಕಿಸಿದ್ದಳು. ಹಂದಿ ಗೂಡಿನ ಹಿಂದೆ ಒಂದು ಚಾಪೆಯಗಲದ ಕೆಸರಿನಲ್ಲಿ, ಯಾರಾದರೂ ಕೇಳಿದರೆ ಕಳೆ ಅನ್ನುತ್ತ, ಪ್ರತಿ ವರ್ಷ ಬೀಜಕ್ಕೆ ಬೀಜ ಮಾಡಿಕೊಂಡು ಬಂದಿದ್ದಳು. ಕೆಂಪು ಮೀಸೆಯ ಭತ್ತ ಅದು. ಬೇಯಿಸಿದರೆ ಅದರ ಪರಿಮಳಕ್ಕೆ ಸತ್ತವರು ಗೋರಿಯಿಂದ ಎದ್ದು ಬಂದು ಬಟ್ಟಲು ಹಿಡಿಯುತ್ತಾರೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಪಕ್ಕದ ಊರಿನ ಇಬ್ಬರು ಮಾತ್ರ ಹಾಗೆ ಬಂದಿದ್ದರು. ಆ ಅಕ್ಕಿಯ ಹೆಂಡ ಕುಡಿದೇ ತಿಯನ್‌ಮೇಯ ತಾಯಿ ಬಾಣಂತನ ಮುಗಿಸಿ ಎದ್ದದ್ದು. ಶುಂಠಿ, ಕೋಳಿ, ಅದೇ ಹೆಂಡ ಸೇರಿಸಿ ಕುದಿಸಿದ ಸಾರಿನಿಂದಲೇ ಮಗಳು ಹೆಶ್ಯಾಂಗ್ ಹುಟ್ಟಿದಾಗ ತಿಯನ್‌ಮೇ ಎದ್ದು ನಿಂತದ್ದು.

ಗದ್ದೆ ಕೈಗೆ ಬಂದ ಮೊದಲ ವರ್ಷವೇ ಧೈರ್ಯ ಮಾಡಿ ಬೀಜದ ಮುಕ್ಕಾಲು ಪಾಲು ಸಸಿಮಡಿಗೆ ಹಾಕಿದಳು. ಹಿರಿಯರ ಗೋರಿ ಗುಡಿಸುವ ದಿನ ಶೌರೆನ್ ಬೆಟ್ಟದ ಮೇಲೆ ನಿಂತು ಸಾರಿದ, "ಗೋರಿ ಗುಡಿಸಿದ ದಿನಕ್ಕೆ ಹಿಮದ ಋಣ ಹರೀತು! ನಾಳೆಯಿಂದ ನಾಟಿ ಶುರು ಮಾಡ್ರಪ್ಪ!" ತಿಯನ್‌ಮೇ ಎಲ್ಲರಿಗಿಂತ ಮೊದಲು ನಾಟಿ ಮಾಡಿದಳು. ಮಾಡಿದ ಮೂರನೇ ಬೆಳಗ್ಗೆ ಗದ್ದೆಯ ಮೇಲೆ ಕೊರೆಮಂಜು ಉಪ್ಪಿನಂತೆ ಕೂತಿತ್ತು. ಸಸಿಗಳು ಕಪ್ಪಾಗಿ ಮಲಗಿದ್ದವು.

"ಭಾವಾ, ಏನಿದು?" ಎಂದು ಸತ್ತ ಸಸಿಗಳ ಕಂತೆಯನ್ನು ಅವನ ಬಾಗಿಲಲ್ಲಿ ಎಸೆದಿದ್ದಳು.

ಶೌರೆನ್ ಕಂತೆಯನ್ನು ಕಾಲಿನಿಂದ ಹೊರಳಿಸಿ ನೋಡಿ, "ಇದು ಮಂಜು ಕಣಮ್ಮ. ನಾನು ಹೇಳಿದ್ದು ಹಿಮದ ವಿಷಯ. ಮಂಜಿನ ಸುದ್ದಿ ನಾನು ಎತ್ತಿದ್ನಾ?" ಅಂದಿದ್ದ.

ಆ ಒಂದು ಮಾತು ತಿಯನ್‌ಮೇಯ ಎದೆಯಲ್ಲಿ ಮುಳ್ಳಾಗಿ ಕೂತು ವರ್ಷವಿಡೀ ಬೇರು ಬಿಟ್ಟಿತು. ಉಳಿದದ್ದು ಒಂದು ಸೋರೆಬುರುಡೆ ಬೀಜ. ಬುರುಡೆಯ ಕುತ್ತಿಗೆಗೆ ಕೆಂಪು ದಾರ ಕಟ್ಟಿ, ಹುಳು ಹಿಡಿಯದಿರಲೆಂದು ಒಲೆಯ ಮೇಲಿನ ತೊಲೆಗೆ ತೂಗುಹಾಕಿದಳು. ಪಕ್ಕದಲ್ಲೇ ತಿನ್ನಲು ಇಟ್ಟ ಸಂತೆಯ ಅಂಟುಭತ್ತದ ಇನ್ನೊಂದು ಬುರುಡೆ.

ಈ ವರ್ಷ ಬೀಜಕ್ಕೆ ಇನ್ನೊಂದು ಅರ್ಥ ಬಂದಿತ್ತು. ದಿಣ್ಣೆಯಾಚೆಗೆ ಮದುವೆಯಾಗಿ ಹೋದ ಹೆಶ್ಯಾಂಗ್ ಚೊಚ್ಚಲ ಬಸುರಿ. ಶರತ್ಕಾಲ ಕಾಲಿಡುವಾಗ ಮಗು. ವಸಂತದಲ್ಲಿ ಹುಳು ಏಳುವ ಹಬ್ಬದ ದಿನ ಬೀಜ ನೀರಿಗೆ ಬಿದ್ದರೆ ಕಡುಬೇಸಿಗೆಗೆ ಕೊಯ್ಲು. ಕೊಯ್ದ ಅಕ್ಕಿ ಹೆಂಡವಾಗಿ ಜಾಡಿಯಲ್ಲಿ ಸಿಹಿಗಟ್ಟುವ ಹೊತ್ತಿಗೆ ಬಾಣಂತನ. ಹದಿನೈದು ದಿನ ತಡವಾದರೂ ತಾಯಿ ಮಗಳ ಮನೆಗೆ ಬರಿಗೈಲಿ ಹೋಗಬೇಕು. ಬೇರೆ ಅಕ್ಕಿಯ ಹೆಂಡ ಒಯ್ಯಬಹುದಲ್ಲ ಎಂದು ಗಂಡ ಫೂಶೆಂಗ್ ಒಮ್ಮೆ ಕೇಳಿದ್ದ. ಆಮೇಲೆ ಎರಡು ದಿನ ಅವನು ಮಾತೇ ಆಡಲಿಲ್ಲ, ಆಡಲು ಜಾಗ ಸಿಗಲಿಲ್ಲ.

ಹೀಗಿರುವಾಗ ಗುಡುಗಿತು.

ಅದೆಂಥ ಗುಡುಗು! ಬೆಟ್ಟವೊಂದು ಇನ್ನೊಂದು ಬೆಟ್ಟದ ಕೆನ್ನೆಗೆ ಹೊಡೆದಂತೆ. ಪಿತೃಮಂದಿರದಲ್ಲಿ ಹಿರಿಯರ ಹೆಸರಿನ ಹಲಗೆಗಳು ಒಂದರ ಭುಜ ಒಂದು ಹಿಡಿದು ನಡುಗಿದವು. ಪಂಚಾಂಗದಲ್ಲಿ ಹುಳು ಏಳುವ ದಿನಕ್ಕೆ ಇನ್ನೂ ನಾಲ್ಕು ದಿನವಿತ್ತು. ಮಣ್ಣೊಳಗೆ ಮಲಗಿದ ಹುಳುಹುಪ್ಪಟೆಗಳು ಗುಡುಗಿನ ಸದ್ದಿಗೆ ಆ ದಿನ ಕಣ್ಣು ಬಿಡುವುದು ಜಗತ್ತಿನ ನಿಯಮ. ಅದಕ್ಕೆ ಮುಂಚೆ ಗುಡುಗಿದರೆ ಮೇಲೆ ಯಾರೋ ಲೆಕ್ಕ ತಪ್ಪಿದ್ದಾರೆಂದು ಅರ್ಥ.

ಶೌರೆನ್ ಕೊಡೆ ಹಿಡಿದು ಅಂಗಳದ ನಡುವೆ ನಿಂತ. ಎಲ್ಲರೂ ಜಗುಲಿಗೆ ಬಂದರು.

"ಕೇಳಿದ್ರೇನ್ರಪ್ಪಾ? ಹುಳ ಏಳುವ ಮುನ್ನ ಗುಡುಗಿತೋ ಬಾನು, ನಾಯಿಯ ಕೂಳು ಉಣ್ಣುವೆ ನೀನು! ನಮ್ಮ ತಾತ ಹೇಳಿದ್ದು, ಅವರ ತಾತ ಹೇಳಿದ್ದು. ಚಳಿ ಬಾಲ ತಿರುಗಿಸಿಕೊಂಡು ವಾಪಸ್ ಬರತ್ತೆ. ಹಗಲೂ ರಾತ್ರಿ ಸಮ ಆಗೋವರೆಗೂ ಒಬ್ಬರೂ ಬೀಜ ನೆನೆಹಾಕಬೇಡಿ. ಹಾಕಿದೋರು ನಾಯಿ ಜೊತೆ ಬೋಗುಣಿಗೆ ಬಾಯಿ ಹಾಕ್ತೀರಾ ಅಷ್ಟೇ."

ನಲವತ್ತು ಒಲೆಗಳವರು ತಲೆಯಾಡಿಸಿದರು. ತಿಯನ್‌ಮೇ ಆಡಿಸಲಿಲ್ಲ.

"ಭಾವಾ, ಇನ್ನೊಂದು ಗಾದೆ ಇದೆಯಲ್ಲ, ಅದು ಮರೆತುಹೋಯ್ತಾ? ಮಂಕನಾಗಲಿ ಮರುಳನಾಗಲಿ, ಹುಳ ಏಳೋ ದಿನ ಬೀಜ ನೀರಿಗಿಳೀಲಿ!"

"ಅದು ಮಂಕರಿಗೆ ಹೇಳಿದ್ದಮ್ಮ."

ಜಗುಲಿಯಲ್ಲಿ ನಗೆ ಎದ್ದಿತು. ತಿಯನ್‌ಮೇಯ ಕಿವಿಯಿಂದ ಹೊಗೆ ಬಂತು. ಹೊಗೆ ಎಂದರೆ ಮಾತಿಗೆ ಹೇಳಿದ್ದಲ್ಲ, ಪಕ್ಕದಲ್ಲಿದ್ದವರು ಕೆಮ್ಮಿದರು.

"ಹಂಗಾದ್ರೆ ನಾನು ಮಂಕೇ ಸೈ. ಹುಳ ಏಳೋ ದಿನಾನೇ ಹಾಕ್ತೀನಿ. ನಿಮ್ಮ ಕಣ್ಣೆದುರಿಗೇ ಹಾಕ್ತೀನಿ. ಬಂದು ನೋಡಿ!"

"ಬರ್ತೀನಿ," ಅಂದ ಶೌರೆನ್. "ಹೆಂಗೂ ಅವತ್ತು ನಿಮ್ಮ ಮನೇಲಿ ಅರಳು ಹುರೀತೀರಲ್ಲ."

ಹುಳು ಏಳುವ ದಿನ ಬಂತು. ಆ ದಿನ ಆ ಸೀಮೆಯ ಒಂದೊಂದು ಒಲೆಯ ಮೇಲೂ ಬಾಣಲೆ ಏರುತ್ತದೆ. ಬಿಸಿ ಮರಳಿಗೆ ಅಂಟುಭತ್ತ ಸುರಿದು ಹುರಿದರೆ ಪಟಪಟನೆ ಅರಳು ಸಿಡಿಯುತ್ತದೆ. ಸಿಡಿದ ಒಂದೊಂದು ಕಾಳೂ ಒಂದೊಂದು ಹುಳುವಿನ ತಲೆ. ಎಷ್ಟು ಜೋರಾಗಿ ಹಾಡಿ ಹುರಿದರೆ ಗದ್ದೆಯಲ್ಲಿ ಅಷ್ಟು ಹುಳು ಕಡಿಮೆ. ತಿಯನ್‌ಮೇಯ ಗದ್ದೆಯ ಹುಳುಗಳು ಈ ಹಬ್ಬದ ಹಿಂದಿನ ದಿನವೇ ಗಂಟುಮೂಟೆ ಕಟ್ಟಿಕೊಂಡು ಬೇರೆ ಜಿಲ್ಲೆಗೆ ಹೊರಡುತ್ತಿದ್ದವೆಂದು ಹೇಳುವವರಿದ್ದಾರೆ.

ಬೆಳಗ್ಗೆಯೇ ತೊಲೆಯಿಂದ ಎರಡೂ ಬುರುಡೆ ಇಳಿಸಿದಳು. ಒಂದು ಹುರಿಯುವುದಕ್ಕೆ, ಒಂದು ನೆನೆಹಾಕುವುದಕ್ಕೆ. ಮರದ ತೊಟ್ಟಿಗೆ ಹದವಾದ ಬೆಚ್ಚಗಿನ ನೀರು ಬಿಟ್ಟಳು. ಒಲೆಗೆ ಸೌದೆ ತುರುಕಿದಳು. ಅಷ್ಟರಲ್ಲಿ ಶೌರೆನ್ ಬಾಗಿಲಿಗೆ ಬಂದು, ಚೌಕಟ್ಟಿಗೆ ಒರಗಿ ಕೈಗಳನ್ನು ಅಂಗಿಯ ತೋಳಿನೊಳಗೆ ಸೇರಿಸಿ ನಿಂತ.

"ನೀರು ಬಿಸಿ ಹೆಚ್ಚಾಯ್ತೇನೋ," ಅಂದ.

"ನೀರು ಸರಿಯಾಗಿದೆ. ನಾಲಿಗೆಗಳದ್ದೇ ಹೆಚ್ಚಾಗಿರೋದು."

"ಮೋಡ ನೋಡಿದ್ಯಾ? ಎಮ್ಮೆ ಹೊಟ್ಟೆ ಥರಾ ಇದೆ."

"ಎಮ್ಮೆ ಹೊಟ್ಟೆ ಇರ್ಲಿ, ಎಮ್ಮೆ ಬಾಲ ಇರ್ಲಿ, ನಾನು ಹಾಕೋಳೇ!" ಎಂದು ಕೈಗೆ ಸಿಕ್ಕ ಬುರುಡೆಯ ಬಿರಡೆ ಕಿತ್ತು ಬಾಣಲೆಗೆ ಸುರಿದಳು. ಕಣ್ಣು ಭಾವನ ಮೇಲೆ, ಸಟ್ಟುಗ ಮರಳಿನಲ್ಲಿ.

"ಹುರಿ ಹುರಿ ಹುಳವ ಹುರಿ, ಮೂಲೆ ಮೂಲೆ ಹುಡುಕಿ ಹುರಿ!" ಎಂದು ಶುರುಮಾಡಿದಳು. ಹುಳುವಿನದು ಮುಗಿದ ಮೇಲೆ ತನ್ನದೇ ಸಾಲು ಸೇರಿಸಿದಳು. "ಮಂಜು ಬೇರೆ ಹಿಮ ಬೇರೆ ಅಂದ ಬಾಯಿ ಹುರಿ! ಸಸಿ ಕೊಂದು ಗಾದೆ ಹೇಳೋ ನಾಲಿಗೆ ಹುರಿ! ಗಡ್ಡದಲ್ಲಿ ಮೂರು ಕೂದಲು, ಮೂರನ್ನೂ ಹುರಿ!"

ಪಟ್! ಪಟಪಟ್! ಅರಳು ಚಾವಣಿಗೆ ಚಿಮ್ಮಿತು. ಒಂದು ಕಾಳು ಹಾರಿ ಶೌರೆನ್ ಮೂಗಿಗೆ ಬಡಿಯಿತು. ಅವನು ಅದನ್ನು ಹಿಡಿದು ಬಾಯಿಗೆ ಹಾಕಿಕೊಂಡ.

ಅಗಿದು, ನಿಂತ. ಇನ್ನೊಂದು ಹಿಡಿ ಮೊರದಿಂದ ತೆಗೆದು ಬಾಯಿಗೆ ಎಸೆದುಕೊಂಡ. "ಅಬ್ಬಬ್ಬಾ! ಏನು ಘಮ ಕಣಮ್ಮ! ಸಂತೆ ಭತ್ತಕ್ಕೆ ಇಂಥ ಘಮ ಎಲ್ಲಿಂದ ಬಂತು?"

ಸಟ್ಟುಗ ನಿಂತಿತು.

ಆ ಪರಿಮಳ ತಿಯನ್‌ಮೇಯ ಮೂಗಿಗೆ ಆಗ ಬಡಿಯಿತು. ಸುಟ್ಟ ಮೀಸೆಯ ಕಮಟು, ಅದರ ಹಿಂದೆ ತವರಿನ ಅಡುಗೆಮನೆ, ತಾಯಿಯ ಬಾಣಂತಿ ಸಾರು. ಕಾಲ ಬಳಿ ಉರುಳಿದ್ದ ಬುರುಡೆಯನ್ನು ನೋಡಿದಳು. ಅದರ ಕುತ್ತಿಗೆಯಲ್ಲಿ ಕೆಂಪು ದಾರವಿತ್ತು. ಬುರುಡೆಯನ್ನು ಎತ್ತಿ ಬೋರಲು ಹಾಕಿದಳು. ಒಂದು ಕಾಳೂ ಬೀಳಲಿಲ್ಲ.

ಫಾನ್ ಮನೆಯ ಚರಿತ್ರೆಯಲ್ಲಿ ಮೊದಲ ಸಲ ತಿಯನ್‌ಮೇ ಸುಮ್ಮನಾದಳು. ಆ ಮೌನದ ಸದ್ದಿಗೆ ಹಂದಿಗಳು ಗುಟುರು ಹಾಕುವುದನ್ನು ನಿಲ್ಲಿಸಿದವು. ಕೊಳದ ಮೀನುಗಳು, ಯಾರೋ ಸತ್ತರೇನೋ ಎಂದು, ಈಚೆ ದಡಕ್ಕೆ ಬಂದು ತಲೆ ಎತ್ತಿ ನೋಡಿದವು.

ಶೌರೆನ್ ನಿಧಾನವಾಗಿ ಅಗಿಯುತ್ತ ಬುರುಡೆ ನೋಡಿದ, ದಾರ ನೋಡಿದ, ಮೊರ ನೋಡಿದ. ಅವನಿಗೂ ಅರ್ಥವಾಯಿತು. ನುಂಗಲೋ ಉಗುಳಲೋ ತಿಳಿಯದೆ ನುಂಗಿದ. ಅಲ್ಲಿಗೆ ಸುಮ್ಮನೆ ಹೋಗಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಅವನ ನಾಲಿಗೆಗೆ ಸುಮ್ಮನಿರುವ ಅಭ್ಯಾಸವಿಲ್ಲ.

"ಹುರಿದ ಬೀಜ ಮೊಳೆಯೋದಿಲ್ಲ ಅಂತ ನಮ್ಮ ಹಿರೀರು ಒಂದು ಮಾತು..."

ಬಾಣಲೆ ಅವನ ಕಿವಿಯ ಪಕ್ಕದಲ್ಲಿ ಹಾರಿ ಅಂಗಳಕ್ಕೆ ಬಿತ್ತು. ಬಿಸಿ ಮರಳು ಸುರಿದ ಕಡೆ ಇವತ್ತಿಗೂ ಹುಲ್ಲು ಬೆಳೆಯುವುದಿಲ್ಲ. ಶೌರೆನ್ ಓಡಿದ ಓಟಕ್ಕೆ ಅವನ ಒಂದು ಚಪ್ಪಲಿ ಎರಡು ದಿನ ಬಿಟ್ಟು ಪಕ್ಕದ ಊರಲ್ಲಿ ಸಿಕ್ಕಿತು.

ತಿಯನ್‌ಮೇ ಒಲೆಯ ಮುಂದೆ ಕೂತಳು. ಅಳಲಿಲ್ಲ. ಸಿಟ್ಟು ಅಳುವಿಗೆ ದಾರಿ ಬಿಡಲಿಲ್ಲ. ಭಾವನ ಮೇಲಿನ ಸಿಟ್ಟಾಗಿದ್ದರೆ ಬೈದು ಇಳಿಸಬಹುದಿತ್ತು. ಸುರಿದದ್ದು ಅವಳದೇ ಕೈ. ತನ್ನ ಕೈಯನ್ನು ಬೈಯುವ ಮಾತು ಅಷ್ಟು ದೊಡ್ಡ ಬೈಗುಳದ ಕಣಜದಲ್ಲೂ ಇರಲಿಲ್ಲ. ಹತ್ತಾರು ವರ್ಷ ಊರಿನ ಕಣ್ಣು ತಪ್ಪಿಸಿ ಉಳಿಸಿದ್ದನ್ನು ಒಂದು ಹಾಡು ಹಾಡುವಷ್ಟರಲ್ಲಿ ತಾನೇ ಹುರಿದು, ಹಗೆಯ ಬಾಯಿಗೆ ಅರಳಾಗಿ ಇಟ್ಟಿದ್ದಳು. ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬೇರೆಯವರ ಕೈ ನೋಡಿದಂತೆ ನೋಡುತ್ತ ಕೂತಳು.

ಫೂಶೆಂಗ್ ಗದ್ದೆಯಿಂದ ಬಂದ. ಮೊರ ನೋಡಿದ, ಬುರುಡೆ ನೋಡಿದ, ಹೆಂಡತಿಯನ್ನು ನೋಡಿದ. ಅವಳು ಬೈಯುತ್ತಿಲ್ಲ ಎನ್ನುವುದು ಅವನಿಗೆ ಬಹಳ ಹೆದರಿಕೆ ತಂದಿತು. ಸೌದೆ ಜೋಡಿಸಿದ. ಜೋಡಿಸಿದ್ದನ್ನು ಕೆಡವಿ ಮತ್ತೆ ಜೋಡಿಸಿದ. ಕುಡಿಯಲು ನೀರು ತಂದುಕೊಟ್ಟ. ಮಧ್ಯಾಹ್ನವಾಯಿತು.

"ಲೇ... ಒಂದು ಮಾತು ಹೇಳ್ತೀನಿ. ಹೊಡೀಬಾರದು."

ತಿಯನ್‌ಮೇ ತಲೆ ಎತ್ತಿದಳು.

"ಸಟ್ಟುಗ ಕೆಳಗಿಡು ಮೊದಲು."

ಇಟ್ಟಳು.

"ಗುಡುಗಿದ ದಿನ ಸಾಯಂಕಾಲ ಅಣ್ಣ ಬಂದಿದ್ದ. ನೀನು ಹಂದಿಗೆ ಸೊಪ್ಪು ತರೋಕೆ ಹೋಗಿದ್ದೆ. ಕೆಂಪು ಮೀಸೆ ಬೀಜ ಒಂದು ಬಟ್ಟಲು ಕೊಡು ಅಂದ. ಅಣ್ಣ ಕೇಳಿದ ಮೇಲೆ ಹೆಂಗೆ ಇಲ್ಲ ಅನ್ನೋದು? ಕೊಟ್ಟೆ. ನಿಂಗೆ ಹೇಳಬೇಡ ಅಂದ."

ಆಗ ತಿಯನ್‌ಮೇಯೊಳಗೆ ನಡೆದದ್ದನ್ನು ಹೇಳಲು ಯಾವ ಭಾಷೆಯಲ್ಲೂ ಶಬ್ದವಿಲ್ಲ, ಇದ್ದರೆ ಅದನ್ನು ಅವಳೇ ಮೊದಲು ಬೈಗುಳವಾಗಿ ಬಳಸಿರುತ್ತಿದ್ದಳು. ಬೀಜ ಉಳಿದಿದೆ ಎಂಬ ಸಂತೋಷ ಮೇಲೆ ಬರಲು ಹೊರಟಿತು. ಬಾಗಿಲಲ್ಲಿ ಸಿಟ್ಟು ಅದನ್ನು ತಳ್ಳಿ ಮೊದಲು ತಾನು ಹೊರಗೆ ಬಂತು.

"ನನ್ನ ಮನೆ ಬೀಜ! ನನ್ನ ಬೆನ್ನ ಹಿಂದೆ! ಆ ಗಾದೆ ಗಡಿಗೆಗೆ ಕೊಟ್ಟೆಯಾ!" ಎನ್ನುತ್ತಲೇ ಅಂಗಳ ದಾಟಿದಳು. ಬಾಗಿಲು ಬಾಗಿಲಿಗೂ ಜನ ನಿಂತರು. ಅವಳ ಹಿಂದೆ ಫೂಶೆಂಗ್, ಅವನ ಹಿಂದೆ ಹಳದಿ ನಾಯಿ.

ಶೌರೆನ್ ಒಲೆಯ ಪಕ್ಕ ಕಾಲು ಚಾಚಿ ಕೂತಿದ್ದ. ಇವಳನ್ನು ಕಂಡು ಎದ್ದವನು ಮೂಲೆಯಲ್ಲಿದ್ದ ಕೋಳಿಬುಟ್ಟಿಗೆ ಅಡ್ಡ ನಿಂತ. ನಿಲ್ಲದಿದ್ದರೆ ಅವಳಿಗೆ ಅದು ಕಾಣುತ್ತಲೇ ಇರಲಿಲ್ಲ.

"ಸರೀರಿ ಭಾವಾ."

"ಕೋಳಿ ಕಾವಿಗೆ ಕೂತಿದೆಯಮ್ಮ, ಬೆದರಿಸಬೇಡ."

"ಯಾವ ಮೊಟ್ಟೆಗೆ ಕೂತಿದೆ ನೋಡ್ತೀನಿ!"

ಕೋಳಿಯನ್ನು ರೆಕ್ಕೆ ಹಿಡಿದು ಎತ್ತಿದಳು. ಅದರಡಿ ಹುಲ್ಲು, ಹುಲ್ಲಿನಡಿ ಒದ್ದೆ ಗೋಣಿಬಟ್ಟೆ. ಬಟ್ಟೆ ಬಿಡಿಸಿದರೆ ಎರಡು ಗಂಟು. ಒಂದರಲ್ಲಿ ಶೌರೆನ್‌ನ ಸ್ವಂತ ಗದ್ದೆಯ ಭತ್ತ. ಇನ್ನೊಂದರಲ್ಲಿ ಕೆಂಪು ಮೀಸೆ. ನೀರು ಕುಡಿದು ಉಬ್ಬಿದ ಕಾಳುಗಳ ತುದಿಯಲ್ಲಿ ಬಿಳಿಯ ಮೊಳಕೆ, ಇಲಿಮರಿಯ ಹಲ್ಲಿನಷ್ಟು.

ತಿಯನ್‌ಮೇ ಆ ಎರಡು ಗಂಟನ್ನೂ ಎತ್ತಿ ಹಿಡಿದು ಹೊಸ್ತಿಲಿಗೆ ಬಂದು ನಿಂತಳು. ಅವಳು ಆವಾಗ ಎತ್ತಿದ ದನಿ ಮೂರು ಕಣಿವೆ ದಾಟಿ ಪೇಟೆಯ ಅಕ್ಕಿ ಅಂಗಡಿಯ ತಕ್ಕಡಿಯನ್ನು ಅಲುಗಿಸಿತು.

"ನೋಡ್ರಪ್ಪಾ ನೋಡ್ರಿ! ಊರಿಗೆಲ್ಲ ಬೀಜ ನೆನೆಹಾಕಬೇಡಿ ಅಂದ ಮಹಾನುಭಾವ, ಗುಡುಗಿದ ದಿನಾನೇ ಕೋಳಿ ಕೆಳಗೆ ಹಾಕವ್ನೆ! ನಾವೆಲ್ಲ ನಾಯಿ ಕೂಳು ತಿನ್ನಬೇಕಂತೆ, ಇವ್ರು ಮೊದಲನೇ ಬೆಳೆ ತಿಂತಾರಂತೆ!"

ಅಂಗಳ ಕುದಿಯಿತು. "ಇದೇನಣ್ಣಾ?" "ನಿನ್ನ ಮಾತು ಕೇಳಿ ನೆನೆಸಿದ್ದ ಬೀಜ ವಾಪಸ್ ಒಣಗಿಸಿದ್ನಲ್ಲಯ್ಯಾ!" "ಥೂ, ನಿನ್ನ ಗಡ್ಡಕ್ಕೆ!"

ಶೌರೆನ್ ಮುಖ ಬೇಯಿಸಿದ ಗೆಣಸಾಯಿತು. ಆದರೂ ಅವನು ಬಿಡಲಿಲ್ಲ. "ಗಾದೆ ಊರಿಗೆ ಹೇಳೋದು. ಊರಿಗೆ ಕೋಳಿ ಕಾವು ಇದೆಯಾ? ನನಗಿದೆ. ತಪ್ಪೇನು? ಆ ಬೀಜ ನೀನು ಹಟಕ್ಕೆ ಬಿದ್ದು ಹಾಳು ಮಾಡ್ತೀಯ ಅಂತ ಗೊತ್ತಿತ್ತು. ಅದಕ್ಕೇ ಒಂದು ಬಟ್ಟಲು ತೆಗೆದಿಟ್ಟೆ. ಹಾಳು ಮಾಡ್ದೆಯೋ ಇಲ್ವೋ?"

ಇದು ಸುಳ್ಳಾಗಿದ್ದರೆ ತಿಯನ್‌ಮೇಯ ಬಳಿ ನೂರು ಉತ್ತರವಿರುತ್ತಿತ್ತು. ನಿಜಕ್ಕೆ ಏನು ಹೇಳುವುದು? ಅವನ ಗಂಟನ್ನು ಅವನ ಕಾಲ ಬಳಿ ಎಸೆದು, ತನ್ನ ಗಂಟನ್ನು ಎದೆಗವುಚಿಕೊಂಡು ಹೊರಟುಹೋದಳು. ಆ ರಾತ್ರಿ ಅವಳಿಗೆ ನಿದ್ದೆ ಬಾರದಂತೆ ಮಾಡಿದ್ದು ಆ ಕಳ್ಳತನವಲ್ಲ. ಆ ಕಳ್ಳನಿಗೆ ಒಂದು ಕೃತಜ್ಞತೆ ಬಾಕಿ ಬಿದ್ದಿದೆ ಎನ್ನುವುದು. ಕೃತಜ್ಞತೆ ಹೇಳುವುದಕ್ಕಿಂತ ಕೊಳದ ಕಪ್ಪೆಯನ್ನು ಜೀವಂತ ನುಂಗುವುದು ಮೇಲು ಎಂದುಕೊಂಡಳು.

ಮರುದಿನ ಚಳಿ ಬಾಲ ತಿರುಗಿಸಿಕೊಂಡು ಬಂತು.

ಉತ್ತರದಿಂದ ಗಾಳಿ, ಗಾಳಿಯ ಜೊತೆ ಸೂಜಿಮಳೆ. ಬೈಗುಳಗಳು ಬಾಯಿಂದ ಹೊರಬಿದ್ದ ಕೂಡಲೇ ಹೆಪ್ಪುಗಟ್ಟಿ ಕೆಳಗೆ ಬೀಳುತ್ತಿದ್ದವು, ಬಿಸಿಲು ಬಂದ ಮೇಲೆ ಕರಗಿ ಒಟ್ಟಿಗೆ ಕೇಳಿಸಿದವು. ಶೌರೆನ್ ಮೇಲಿನ ಕೋಪಕ್ಕೆ ಹಿಂದಿನ ದಿನವೇ ಬೀಜ ನೀರಿಗೆ ಹಾಕಿದವರ ತೊಟ್ಟಿಗಳಲ್ಲಿ ಕಾಳು ಹುಳಿ ವಾಸನೆ ಹೊಡೆಯತೊಡಗಿತು. ತಿಯನ್‌ಮೇಯ ಬಳಿ ಕಾವಿನ ಕೋಳಿ ಇರಲಿಲ್ಲ. ಇದ್ದದ್ದು ಅವಳೇ. ಗಂಟನ್ನು ಹತ್ತಿ ತುಂಬಿದ ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡಳು. ಹಂದಿಗೆ ಹಾಕುವಾಗಲೂ ನೀರು ತರುವಾಗಲೂ ಬಿಚ್ಚಲಿಲ್ಲ. ಒಣಗಿದಾಗ ಬೆಚ್ಚಗಿನ ನೀರು ಚಿಮುಕಿಸಿ ಮತ್ತೆ ಕಟ್ಟಿಕೊಂಡಳು. "ಮಗಳ ಜೊತೆಗೆ ತಾಯಿನೂ ಬಸುರಿ!" ಎಂದು ನೆರೆಯವರು ನಕ್ಕರು. ಅವಳು ಬೈದ ರೀತಿಗೆ ನಗು ಅವರ ಮುಖಗಳ ಮೇಲೇ ಒಣಗಿಹೋಯಿತು.

ಮೊಳಕೆಗಳು ಬೆಳೆದವು. ಬಟ್ಟೆಯೊಳಗೆ ಬೇರು ಬೇರಿಗೆ ಹೆಣೆದುಕೊಳ್ಳತೊಡಗಿತು. ಇನ್ನು ಬಿತ್ತಲೇಬೇಕು, ಇಲ್ಲದಿದ್ದರೆ ಗಂಟು ಬಿಡಿಸುವಾಗ ಮುರಿದುಹೋಗುತ್ತವೆ. ಒಂದು ಬೆಳಗ್ಗೆ ಮಳೆ ನಿಂತು ಬೆಟ್ಟದ ನೆತ್ತಿಯಲ್ಲಿ ನಸು ಬೆಳಕು ಕಂಡಿತು. ತಿಯನ್‌ಮೇ ಸಸಿಮಡಿಯತ್ತ ಹೊರಟಳು.

ಕೊಳದ ಕಟ್ಟೆಯ ಮೇಲೆ ಶೌರೆನ್ ಕೂತಿದ್ದ. ಊರು ಅವನೊಂದಿಗೆ ಮಾತು ಬಿಟ್ಟಿತ್ತು. ಮೊಣಕಾಲ ಮೇಲೆ ಕೆಂಡದ ಬುಟ್ಟಿ ಇಟ್ಟುಕೊಂಡು ಕೈ ಕಾಯಿಸುತ್ತಿದ್ದ.

"ಇವತ್ತು ಬಿತ್ತಬೇಡ," ಅಂದ. ಗಾದೆ ಹೇಳಲಿಲ್ಲ, ಗಡ್ಡ ನೀವಲಿಲ್ಲ. "ಇನ್ನೂ ಒಂದು ಸಲ ಬೀಸತ್ತೆ."

"ನಿಮ್ಮನ್ನ ಯಾರು ಕೇಳಿದ್ರು?"

"ಯಾರೂ ಕೇಳಿಲ್ಲ."

ಅವನು ಬೇಡ ಅಂದದ್ದೇ ಸಾಕಾಯಿತು. ಅವಳ ಕಾಲುಗಳಿಗೆ ರೆಕ್ಕೆ ಬಂತು. ಸೊಂಟಕ್ಕೆ ಬಟ್ಟೆ ಸಿಕ್ಕಿಸಿ ಮಡಿಗಿಳಿದು, ಗಂಟು ಬಿಚ್ಚಿ, ಒಂದು ಹಿಡಿ ಮೊಳಕೆ ಎತ್ತಿ ಕೈ ಬೀಸಿದಳು. ಬೀಸಿದ ಕೈ ಅರ್ಧಕ್ಕೇ ನಿಂತಿತು.

ಅದೇ ಕೈ. ಅದೇ ಕಣ್ಣು ಕಟ್ಟಿದ ಸಿಟ್ಟು. ಕಟ್ಟೆಯ ಮೇಲೆ ಅದೇ ಮನುಷ್ಯ. ಆವತ್ತೂ ಕಣ್ಣು ಅವನ ಮೇಲೆ ಇಟ್ಟುಕೊಂಡೇ ಸುರಿದದ್ದು.

ಹಿಡಿಯನ್ನು ಗಂಟಿಗೆ ಮರಳಿಸಿದಳು. ಬಗ್ಗಿ ಮೊಣಕೈವರೆಗೆ ಕೆಸರಿಗೆ ಕೈ ಇಳಿಸಿದಳು. ಮೇಲಿನ ನೀರು ಹಾಯೆನಿಸಿತು. ಅಡಿಯ ಮಣ್ಣು ಕಚ್ಚಿತು. ಬೆರಳ ಮೂಳೆಗೆ ಹಲ್ಲು ಊರಿದಂಥ ಚಳಿ. ಕೈ ಕಿತ್ತುಕೊಂಡು ಅದನ್ನು ಕಂಕುಳಲ್ಲಿ ಅವುಚಿ ನಿಂತಳು. ಮಣ್ಣು ಭಾವನ ಪಕ್ಷ ಸೇರಿತ್ತು. ಊರದ್ದಾಗಿದ್ದಾಗಿನಿಂದ ಅವಳು ಮೂವತ್ತು ವರ್ಷ ಗೇಯ್ದ ಗದ್ದೆ, ಅವಳ ಬೆವರು ಕುಡಿದ ಗದ್ದೆ, ಹೋಗಿ ಹೋಗಿ ಅವನ ಪಕ್ಷ! ಅವಳು ಗದ್ದೆಯನ್ನು ಬೈದಳು, ಮೋಡವನ್ನು ಬೈದಳು, ಪಂಚಾಂಗ ಬರೆದವನ ಮುತ್ತಾತನನ್ನು ಬೈದಳು. ಬೈಯುತ್ತಲೇ ಗಂಟು ಕಟ್ಟಿದಳು, ಬೈಯುತ್ತಲೇ ಅದನ್ನು ಹೊಟ್ಟೆಗೆ ಬಿಗಿದಳು, ಬೈಯುತ್ತಲೇ ವಾಪಸು ಬಂದಳು.

ಶೌರೆನ್ ಕೆಂಡದ ಬುಟ್ಟಿಯನ್ನು ಕಟ್ಟೆಯ ಮೇಲೆ ಬಿಟ್ಟು ಎದ್ದು ಹೋದ. ತಿಯನ್‌ಮೇ ಅದನ್ನು ನೋಡಿದಳು. ಸುತ್ತಮುತ್ತ ನೋಡಿದಳು. ಯಾರೂ ಇಲ್ಲದಾಗ ಬುಟ್ಟಿಯನ್ನೆತ್ತಿ ಅಂಗಿಯ ಮುಂದೆ ಹಿಡಿದುಕೊಂಡು ಮನೆ ಸೇರಿದಳು. ಯಾರಾದರೂ ಕೇಳಿದ್ದರೆ, ಕಿತ್ತುಕೊಂಡು ಬಂದೆ ಎಂದು ಹೇಳಲು ಸಿದ್ಧವಾಗಿದ್ದಳು.

ಆ ಸಂಜೆ ಗಾಳಿ ಬೀಸಿತು. ಬೆಳಗಾಗುವಾಗ ಸಸಿಮಡಿಯ ನೀರಿನ ಮೇಲೆ ಗಾಜಿನ ಹೊದಿಕೆ. ಅದು ಕರಗಿ, ಮಣ್ಣಿನಿಂದ ಹಬೆ ಏಳುವ ದಿನ ಅವಳು ಬಿತ್ತಿದಳು. ಹೆಣೆದುಕೊಂಡ ಬೇರುಗಳನ್ನು ಒಂದೊಂದಾಗಿ ಬಿಡಿಸಿ, ಮಗಳ ಕೂದಲ ಸಿಕ್ಕು ಬಿಡಿಸುವಂತೆ. ಆಗ ಮಾತ್ರ ಬೈಯಲಿಲ್ಲ.

ಒಂದು ಬಟ್ಟಲು ಬೀಜದಿಂದ ಎಷ್ಟು ಬೆಳೆದೀತು? ಬೇರೆಯವರ ಗದ್ದೆಯಲ್ಲಿ ಒಂದು ಮೂಲೆ ತುಂಬೀತು. ತಿಯನ್‌ಮೇಯ ಗದ್ದೆಯಲ್ಲೂ ಒಂದು ಮೂಲೆಯೇ ತುಂಬಿತು. ಆದರೆ ತೆನೆಯೊಂದೊಂದೂ ನರಿಯ ಬಾಲದಷ್ಟಾಯಿತು, ಕೆಂಪು ಮೀಸೆಗಳು ಗಾಳಿಗೆ ಆಡಿದರೆ ದೂರದಿಂದ ಬೆಂಕಿ ಬಿದ್ದಂತೆ ಕಂಡು ಜನ ಬಿಂದಿಗೆ ಹಿಡಿದು ಓಡಿ ಬಂದರು. ಕಡುಬೇಸಿಗೆಗೆ ಕೊಯ್ಲು. ಒಂದು ಪಾಲು ಬುರುಡೆಗೆ. ಈ ಸಲ ಬುರುಡೆ ಒಲೆಯ ಹತ್ತಿರ ಬಾರದೆ ಅವಳ ಮಂಚದ ತಲೆದೆಸೆಗೆ ಹೋಯಿತು. ಇನ್ನೊಂದು ಪಾಲು ಹೆಂಡದ ಜಾಡಿಗೆ. ಶರತ್ಕಾಲ ಕಾಲಿಟ್ಟಿತು, ಹೆಶ್ಯಾಂಗ್‌ಗೆ ಹೆಣ್ಣು ಮಗುವಾಯಿತು. ಹುಟ್ಟಿದ ಕೂಡಲೇ ಅದು ಕೂಗಿದ ಕೂಗಿಗೆ ಸೂಲಗಿತ್ತಿ ಕಿವಿ ಮುಚ್ಚಿಕೊಂಡು, "ಇದು ಅಜ್ಜಿ ಕಡೆಯದೇ," ಅಂದಳು. ತಿಯನ್‌ಮೇ ಜಾಡಿ ಹೊತ್ತು ದಿಣ್ಣೆ ಹತ್ತಿದಳು. ಬರಿಗೈಲಿ ಹೋಗಲಿಲ್ಲ.

ಮಗುವಿಗೆ ತಿಂಗಳು ತುಂಬಿ, ತಾಯಿ ಮಗು ತವರಿಗೆ ಬಂದ ದಿನ ಪಿತೃಮಂದಿರದ ಮುಂದೆ ಊಟ. ಅಂಟಕ್ಕಿಯನ್ನು ಬೇಯಿಸಿ ಕುಟ್ಟಿ ಎಳ್ಳು ಬೆಲ್ಲದಲ್ಲಿ ಹೊರಳಿಸಿದ ಉಂಡೆಗಳ ಬೆಟ್ಟ. ಊರು ಶೌರೆನ್‌ನನ್ನು ಅಷ್ಟು ಹೊತ್ತಿಗೆ ಕ್ಷಮಿಸಿತ್ತು. ಮಳೆ ಯಾವಾಗ ಎಂದು ಕೇಳಲು ಬೇರೆ ಯಾರೂ ಸಿಗಲಿಲ್ಲ. ಅವನು ಹಿರಿಯರ ಸಾಲಿನಲ್ಲಿ ಕೂತ. ಎಲ್ಲರ ಮುಂದೂ ಹೂವಿನ ಚಿತ್ರದ ಬಟ್ಟಲು ಬಂತು. ಅವನ ಮುಂದೆ ಮಾತ್ರ ಅಂಚು ಚಕ್ಕೆ ಎದ್ದ ಒಂದು ಎನಾಮೆಲ್ ಬೋಗುಣಿ.

ಉಂಡೆಗಳು ಎಲ್ಲರಿಗಿಂತ ಎರಡರಷ್ಟು. ಎಳ್ಳು ಧಾರಾಳ. ಬೋಗುಣಿಯನ್ನು ಏಳು ನೀರಿನಲ್ಲಿ ಬೂದಿ ಹಾಕಿ ಉಜ್ಜಿ ಫಳಫಳ ಮಾಡಲಾಗಿತ್ತು. ಆದರೂ ಅದು ಯಾರದೆಂದು ಅಂಗಳಕ್ಕೆಲ್ಲ ಗೊತ್ತಿತ್ತು. ಅದರ ಒಡೆಯ ಹಳದಿ ನಾಯಿ ಶೌರೆನ್ ಎದುರಿಗೆ ಬಂದು ಕೂತು, ಇದೇನು ನ್ಯಾಯ ಎನ್ನುವಂತೆ ನೋಡಿತು.

"ಏನಿದು?" ಅಂದ ಶೌರೆನ್.

"ನಿಮ್ಮ ಗಾದೆ, ಭಾವಾ," ಮಗುವನ್ನು ಹೆಗಲಿಗೇರಿಸಿಕೊಂಡು ತಿಯನ್‌ಮೇ ಅಂದಳು. "ನೀವು ಕದ್ದ ಬೀಜ, ನೀವು ಉಳಿಸಿದ ಬೀಜ. ಎರಡಕ್ಕೂ ಸೇರಿಸಿ ಬಡಿಸಿದ್ದೀನಿ. ತಿನ್ನಿ."

ಫೂಶೆಂಗ್ ಮೆಲ್ಲನೆ ಮೇಜಿನ ಮೇಲಿನ ಸಟ್ಟುಗವನ್ನು ಬೆನ್ನ ಹಿಂದೆ ಅಡಗಿಸಿದ.

ಶೌರೆನ್ ಬೋಗುಣಿ ನೋಡಿದ. ನಾಯಿಯನ್ನು ನೋಡಿದ. ಬೋಗುಣಿ ಎತ್ತಿ ಒಂದು ಉಂಡೆ ಬಾಯಿಗಿಟ್ಟ. ಕಣ್ಣು ಮುಚ್ಚಿದ. ಎರಡನೆಯದು, ಮೂರನೆಯದು, ಕೊನೆಯದು. ಅಂಚಿಗೆ ಅಂಟಿದ ಎಳ್ಳನ್ನೂ ಬೆರಳಿನಿಂದ ಬಳಿದು ನೆಕ್ಕಿದ. ಖಾಲಿ ಬೋಗುಣಿಯನ್ನು ನಾಯಿಯ ಮುಂದಿಟ್ಟು, ಗಡ್ಡ ಒರೆಸಿ, ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಗಂಟಲು ಸರಿಮಾಡಿಕೊಂಡ.

"ನೋಡಿದ್ರೇನ್ರಪ್ಪಾ? ಹುಳ ಏಳುವ ಮುನ್ನ ಗುಡುಗಿತ್ತೋ ಇಲ್ವೋ? ನಾಯಿ ಕೂಳು ಉಂಡಾಯ್ತೋ ಇಲ್ವೋ? ನಾನು ಹೇಳಿದ ಗಾದೆ ಯಾವತ್ತಾದ್ರೂ ಸುಳ್ಳಾಗಿದ್ಯಾ?"

ತಿಯನ್‌ಮೇ ಮಗುವನ್ನು ಗಂಡನ ಕೈಗಿಟ್ಟಳು. ಅಂಗಿಯ ತೋಳುಗಳನ್ನು ಮೇಲಕ್ಕೇರಿಸಿದಳು. ಎದೆ ತುಂಬ ಉಸಿರೆಳೆದುಕೊಂಡಳು.

ಕೊಳದ ಮೀನುಗಳು ಆಗಲೇ ಆಚೆ ದಡದತ್ತ ಹೊರಟಿದ್ದವು.